ತಾರಿಣಿ ವಾಪಸ್ ಬಂತಾ?

ಪ್ರಶ್ನೆ: ಮೇಡಂ, ನಮ್ಮದು ಕುಂದಾಪುರ. ಅಣ್ಣ ರಕ್ತದ ಕ್ಯಾನ್ಸರ್ ಆಗಿ 2025ರ ಮಾರ್ಚ್ ಮೊದಲ ವಾರ ತೀರಿಕೊಂಡ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಈಜೂ ಸರಿಯಾಗಿ ಬರುತ್ತಿರಲಿಲ್ಲ, ಆದರೆ ಹಾಯಿದೋಣಿ ಅಂದರೆ ಹುಚ್ಚು. ನಮ್ಮ ಅಜ್ಜ ಮಂಜಿ ಅನ್ನೋ ಸರಕಿನ ಹಾಯಿಹಡಗಿನಲ್ಲಿ ಹಂಚು ಹೇರಿಕೊಂಡು ಹೋಗುತ್ತಿದ್ದರಂತೆ, ಅಲ್ಲಿಂದ ಬಂದದ್ದಿರಬೇಕು. ಅವನಿಗೆ ಕೀಮೋ ನಡೆಯುತ್ತಿದ್ದಾಗಲೇ ನೌಕಾಪಡೆಯ ಇಬ್ಬರು ಹೆಂಗಸರು ತಾರಿಣಿ ಅನ್ನೋ ಹಾಯಿದೋಣಿಯಲ್ಲಿ ಲೋಕ ಸುತ್ತಲು ಹೊರಟರು. ಅವರು ಇವತ್ತು ಎಲ್ಲಿದ್ದಾರೆ ಅಂತ ದಿನಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಕೊನೆಯ ಸಾಲು 'ಪೋರ್ಟ್ ಸ್ಟ್ಯಾನ್ಲಿ', ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪದ ಬಂದರು. ಒಂದು ದಿನ, ಹಾಯಿ ಕಟ್ಟಿದ ದೋಣಿಯಲ್ಲಿ ಒಂದೇ ಒಂದು ಸಲ ಹೊಳೆ ಕಡಲು ಸೇರುವ ಅಳಿವೆವರೆಗೆ ಹೋಗಿ ಬರೋಣ ಅಂದ. 'ಮೊದಲು ಗುಣವಾಗು, ಆಮೇಲೆ' ಅಂದೆ. ಕರೆದುಕೊಂಡು ಹೋಗಬೇಕಿತ್ತಾ? ಇಂಗ್ಲೆಂಡಿನ ಚಿಚೆಸ್ಟರ್ ಎಂಬುವರು ಮನೋಬಲದಿಂದ ಕ್ಯಾನ್ಸರ್ ಗೆದ್ದು ಒಬ್ಬರೇ ಲೋಕ ಸುತ್ತಿದರು ಅಂತ ನಮ್ಮ ಮಾವ ವಾಟ್ಸಾಪಿನಲ್ಲಿ ಕಳಿಸಿದ್ದರು. ಅಣ್ಣನಿಗೆ ಮನೋಬಲ ಕಡಿಮೆಯಾಯ್ತಾ? ನೋಟ್‌ಬುಕ್ಕನ್ನು ಹೊಳೆಗೆ ಬಿಡೋಣ ಅಂದರೆ ಅಮ್ಮ ಕೊಡುತ್ತಿಲ್ಲ. ತಾರಿಣಿ ಆಮೇಲೆ ಏನಾಯ್ತು ಅಂತ ನಾನು ನೋಡಲೇ ಇಲ್ಲ, ಧೈರ್ಯ ಬರಲಿಲ್ಲ.

ಉತ್ತರ: ಮೊದಲು ಮಾವನ ಮೆಸೇಜ್ ವಿಷಯ ಮುಗಿಸೋಣ, ಯಾಕೆಂದರೆ ಇಂಥ ಮೆಸೇಜುಗಳ ಮೇಲೆ ನನಗೆ ಹಳೇ ಸಿಟ್ಟಿದೆ. ಫ್ರಾನ್ಸಿಸ್ ಚಿಚೆಸ್ಟರ್ ಲೋಕ ಸುತ್ತಿದ್ದು ನಿಜ. 1966ರ ಆಗಸ್ಟ್‌ನಲ್ಲಿ ಪ್ಲಿಮತ್‌ನಿಂದ ಒಬ್ಬರೇ ಹೊರಟು, ನಡುವೆ ಸಿಡ್ನಿಯಲ್ಲಿ ಮಾತ್ರ ನಿಂತು, ಮುಂದಿನ ಮೇ ತಿಂಗಳಲ್ಲಿ ವಾಪಸ್ ಬಂದರು. ಕಡಲ ಮೇಲೆ ಕಳೆದದ್ದು 226 ದಿನ, ವಯಸ್ಸು 65. ಅದಕ್ಕೂ ಮೊದಲು, 1958ರಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಅಂತ ಡಾಕ್ಟರು ಹೇಳಿದ್ದೂ ನಿಜ. ಮಾವ ಕಳಿಸದೇ ಬಿಟ್ಟ ಭಾಗ ಬೇರೆ ಇದೆ. ಆಗ ಬಂದದ್ದು ಕ್ಯಾನ್ಸರೇ ಹೌದಾ ಅನ್ನೋ ಅನುಮಾನ ಆಮೇಲೆ ಕೆಲವು ವೈದ್ಯರಿಗೇ ಇತ್ತು. 1972ರಲ್ಲಿ ಅದೇ ಚಿಚೆಸ್ಟರ್ ಅಟ್ಲಾಂಟಿಕ್ ದಾಟುವ ರೇಸಿಗೆ ಹೊರಟು, ಮೈಯಲ್ಲಿ ಆಗದೆ ಅರ್ಧದಲ್ಲೇ ತಿರುಗಿ ಬಂದರು, ಆಗಸ್ಟ್‌ನಲ್ಲಿ ಕ್ಯಾನ್ಸರಿನಿಂದಲೇ ತೀರಿಹೋದರು. ಅವರಿಗೂ ಆ ವರ್ಷ ಮನೋಬಲ ಕಡಿಮೆಯಾಯ್ತು ಅಂತೀರಾ? ಕೀಮೋ ಹಾಕಿಸಿಕೊಂಡು ವಾಂತಿ ಮಾಡುತ್ತಾ, ಇವತ್ತು ದೋಣಿ ಎಲ್ಲಿದೆ ಅಂತ ಹುಡುಕಿ ಬರೆದಿಡೋ ಮನುಷ್ಯನಿಗೆ ಮನೋಬಲ ಇರಲಿಲ್ಲ ಅನ್ನೋ ಮಾತು ನನಗಂತೂ ಹಿಡಿಸುವುದಿಲ್ಲ. ರಕ್ತದ ಕ್ಯಾನ್ಸರ್ ವಾಸಿಯಾಗೋದು ಬಿಡೋದು ಅದರ ಬಗೆ, ಔಷಧಿಗೆ ಮೈ ಹೇಗೆ ಒಗ್ಗುತ್ತದೆ, ಇಂಥದ್ದರ ಮೇಲೆ.

ದೋಣಿಗೆ ಕರೆದುಕೊಂಡು ಹೋಗದೇ ಇದ್ದದ್ದು ತಪ್ಪಲ್ಲ. ಕೀಮೋ ನಡೆಯುವಾಗ ಬಿಳಿ ರಕ್ತಕಣ ಇಳಿದಿರುತ್ತದೆ, ತೋಳಿನಲ್ಲೋ ಎದೆಯಲ್ಲೋ ನಳಿಕೆ ಹಾಕಿದ್ದರೆ ಅದಕ್ಕೆ ನೀರು ತಾಕಬಾರದು. ಅಳಿವೆಯ ಅಲೆ ಎರಚಿದರೆ ಸೋಂಕು ಬರಲು ಅಷ್ಟೇ ಸಾಕು. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 'ಗುಣವಾಗು, ಆಮೇಲೆ' ಅಂದಾಗ ನೀವು ಹೋಗೋದನ್ನು ಮಾತ್ರ ತಡೆಯಲಿಲ್ಲ, ಆ ಮಾತನ್ನೂ ಅಲ್ಲಿಗೇ ನಿಲ್ಲಿಸಿದಿರಿ. ಎಷ್ಟು ಹೊತ್ತಿಗೆ ಹೊರಡೋದು, ಯಾರ ದೋಣಿ, ಬುತ್ತಿಗೆ ಏನು, ಅಂತ ಮಂಚದ ಪಕ್ಕ ಕೂತು ಮಾತಾಡಬಹುದಿತ್ತು. ನಾವೆಲ್ಲ ಮಾಡೋ ತಪ್ಪೇ ಇದು. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಬಾವಿ ತೋಡಿಸೋ ಮಾತು ತೆಗೆದರೆ ಸಾಕು, 'ಈಗ ಅದೆಲ್ಲ ಯಾಕಪ್ಪ, ಎಳನೀರು ಕುಡಿ' ಅನ್ನುತ್ತಿದ್ದೆ.

ನಿಮ್ಮಣ್ಣ ಕೇಳಿದ್ದು ಸುಮ್ನೆ ಹುಚ್ಚು ಆಸೆಯೂ ಅಲ್ಲ. ನಿಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ರಾತ್ರಿ ನೆಲ ಬೇಗ ತಣಿದು ಬೆಳಗಿನ ಜಾವ ಗಾಳಿ ಕಡಲ ಕಡೆಗೆ ಬೀಸುತ್ತದೆ, ಮಧ್ಯಾಹ್ನ ನೆಲ ಕಾದು ಅದೇ ಗಾಳಿ ದಡದ ಕಡೆಗೆ ತಿರುಗುತ್ತದೆ. ಇಂಜಿನ್ ಬರುವ ಮೊದಲು ಹಾಯಿ ಕಟ್ಟಿದವರು ಒಂದು ಗಾಳಿಯಲ್ಲಿ ಹೋಗಿ ಇನ್ನೊಂದರಲ್ಲಿ ಮನೆಗೆ ಬರುತ್ತಿದ್ದರು. ಅಜ್ಜನಿಗೆ ಇದು ಗೊತ್ತಿರಲೇಬೇಕು, ಮೊಮ್ಮಗನಿಗೂ ಹೇಳಿರಬಹುದು. ನಿಮಗೆ ಹೋಗಬೇಕು ಅನ್ನಿಸಿದರೆ ಡಿಸೆಂಬರ್ ಕಳೆದ ಮೇಲೆ, ಗೊತ್ತಿರುವ ದೋಣಿಯವರ ಜೊತೆ, ಲೈಫ್ ಜಾಕೆಟ್ ಹಾಕಿಕೊಂಡು ಪಂಚಗಂಗಾವಳಿ ಹೊಳೆಯ ಒಳನೀರಿನಲ್ಲಿ ಹೋಗಿ ಬನ್ನಿ. ಸ್ವಲ್ಪ ಹೊತ್ತು ಇಂಜಿನ್ ಆರಿಸಲು ಹೇಳಿ. ಅಳಿವೆ ದಾಟಬೇಡಿ, ಅಲ್ಲಿ ದಿನಾ ಹೋಗುವವರೇ ಹುಷಾರಾಗಿರುತ್ತಾರೆ. ಅಮ್ಮ ಬರುತ್ತೇನೆ ಅಂದರೆ ಕರೆದುಕೊಂಡು ಹೋಗಿ, ಒಲ್ಲೆ ಅಂದರೆ ಒತ್ತಾಯ ಬೇಡ.

ನೋಟ್‌ಬುಕ್ ವಿಷಯದಲ್ಲಿ ನಾನು ಅಮ್ಮನ ಕಡೆ. ಹೊಳೆಗೆ ಬಿಟ್ಟರೆ ಇಳಿತದಲ್ಲಿ ಕೆಸರಿಗೆ ಸಿಕ್ಕಿಕೊಂಡು ಕೂರುತ್ತದೆ, ಅಷ್ಟೇ. ಅದರ ಬದಲು ಅದನ್ನು ಓದಿ. 2025ರ ಜನವರಿ ಕೊನೆಯಲ್ಲಿ ತಾರಿಣಿ ದಕ್ಷಿಣ ಪೆಸಿಫಿಕ್ ಕಡಲಿನ ಪಾಯಿಂಟ್ ನೀಮೋ ಅನ್ನೋ ಜಾಗದ ಹತ್ತಿರ ಹೋಯಿತು. ಅಲ್ಲಿಂದ ಅತಿ ಹತ್ತಿರದ ನೆಲವೇ ಸುಮಾರು 2,688 ಕಿಲೋಮೀಟರ್ ದೂರ. ಆ ದಿನ ಅಣ್ಣ ಏನು ಬರೆದಿದ್ದಾರೆ ನೋಡಿ.

ಇನ್ನು ನಿಮಗೆ ಧೈರ್ಯ ಬಾರದ ಪ್ರಶ್ನೆ. ಬಂತು, ತಾರಿಣಿ ವಾಪಸ್ ಬಂತು. ದಿಲ್ನಾ ಮತ್ತು ರೂಪಾ, ಇಬ್ಬರೂ ಕ್ಷೇಮವಾಗಿ ಬಂದರು. ಪೋರ್ಟ್ ಸ್ಟ್ಯಾನ್ಲಿಯಿಂದ ಕೇಪ್ ಟೌನಿಗೆ, ಏಪ್ರಿಲ್ ಮಧ್ಯದಲ್ಲಿ ಅಲ್ಲಿಂದ ಹೊರಟು 2025ರ ಮೇ 29ಕ್ಕೆ ಗೋವಾಕ್ಕೆ. 2024ರ ಅಕ್ಟೋಬರ್ 2ಕ್ಕೆ ಹೊರಟಿದ್ದವರು, 25,000 ನಾಟಿಕಲ್ ಮೈಲಿಗಿಂತ ಜಾಸ್ತಿ. ಅಮ್ಮನ ಹತ್ತಿರ ನೋಟ್‌ಬುಕ್ ಕೇಳುವಾಗ, ನೀರಿಗೆ ಬಿಡೋಕೆ ಅಲ್ಲ, ಎರಡು ಸಾಲು ಬರೆಯೋದು ಬಾಕಿ ಇದೆ ಅನ್ನಿ. ಪೆನ್ನು ಬೇರೆ ಬಣ್ಣದ್ದಿರಲಿ, ಯಾವುದು ಅವರು ಬರೆದದ್ದು, ಯಾವುದು ನೀವು ಬರೆದದ್ದು ಅಂತ ಆಮೇಲೆ ಗೊತ್ತಾಗಬೇಕಲ್ಲ.