ಎರಡು ದೋಣಿಯಲ್ಲಿ ಕಾಲಾ?

ಪ್ರಶ್ನೆ: ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಈಗ ಲಿಬರಲ್ ಆರ್ಟ್ಸ್ ಓದುತ್ತೇನೆ ಅಂತಾಳೆ. ಇದೇನು, ಚಿತ್ರ ಬರೆಯುವ ಕೋರ್ಸಾ? ಮುಂದೆ ಕೆಲಸ ಸಿಗುತ್ತಾ?
– ಒಬ್ಬ ತಂದೆ, ತಿಪಟೂರು

ಉತ್ತರ: ಚಿತ್ರ ಬರೆಯೋದಲ್ಲ ಸ್ವಾಮಿ! ವಿಜ್ಞಾನ, ಇತಿಹಾಸ, ಸಾಹಿತ್ಯ ಹೀಗೆ ಬೇರೆ ಬೇರೆ ವಿಷಯಗಳನ್ನು ಬೆರೆಸಿ ಓದುವ ಡಿಗ್ರಿ. ನಮ್ಮ ಕಾಲದಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಎಚ್‌ಇಪಿ (ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್) ಅಂತ ಕಾಂಬಿನೇಷನ್ನನ್ನು ಕಾಲೇಜಿನವರೇ ಕಟ್ಟಿಕೊಡುತ್ತಿದ್ದರು. ನಾನು ಪಿಸಿಎಂ. ಲ್ಯಾಬ್ ಬಿಟ್ಟ ಮೇಲೆ ಪಕ್ಕದ ರೂಮಿನ ಇತಿಹಾಸದ ಪಾಠವನ್ನು ಕಿಟಕಿ ಹತ್ತಿರ ನಿಂತು ಕೇಳುತ್ತಿದ್ದೆ. ಅಟೆಂಡರ್ ಬಂದು ಓಡಿಸುತ್ತಿದ್ದ. ನಿಮ್ಮ ಮಗಳು ಬೆಂಚಿನ ಮೇಲೆ ಕೂತೇ ಕೇಳಬಹುದು, ಅಷ್ಟೇ ವ್ಯತ್ಯಾಸ.

ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಹಲವು ವಿಷಯಗಳ ಪರಿಚಯ ಮಾಡಿಸುವ ಫೌಂಡೇಶನ್ ಕೋರ್ಸ್‌ಗಳಿವೆ. ಮೇಜರ್, ಅಂದರೆ ಮುಖ್ಯ ವಿಷಯವನ್ನು ಆಮೇಲೆ ಆರಿಸಿಕೊಂಡರಾಯಿತು. ದೂರ ಅನ್ನಿಸಿದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇದೆಯಲ್ವಾ? ಶುಲ್ಕ ಸರ್ಕಾರಿ ಕಾಲೇಜಿಗಿಂತ ತುಂಬಾ ಜಾಸ್ತಿ, ಆದರೆ ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಸುಮ್ನೆ ಹೆದರಬೇಡಿ, ಅರ್ಜಿ ಹಾಕಿ.

ಇನ್ನು ಕೆಲಸದ ಮಾತು. ಕೆಎಎಸ್, ಐಎಎಸ್‌ಗೆ ಮಾನ್ಯತೆ ಇರುವ ಯಾವ ಪದವಿಯಾದರೂ ನಡೆಯುತ್ತದೆ. ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್ ಆಗುವ ಆಸೆಯಿದ್ದರೆ ಮಾತ್ರ ಎಚ್ಚರ. ಅಲ್ಲಿ ಡಿಗ್ರಿಯಲ್ಲಿ ಓದಿದ ವಿಷಯಗಳನ್ನು ನೋಡುತ್ತಾರೆ. ಹಳೆಯ ನೇಮಕಾತಿ ಅಧಿಸೂಚನೆಯೊಂದನ್ನು ಮಗಳ ಜೊತೆ ಕೂತು ಓದಿ, ಆಮೇಲೆ ಮೇಜರ್ ಆರಿಸಲಿ.