ಬಿಯರ್ ಕ್ಯಾನ್ ಚಿಕನ್: ಕೋಳಿ ನಿಲ್ಲಲಿ, ಕ್ಯಾನ್ ಬೇಡ

ಅರ್ಧ ತುಂಬಿದ ಬಿಯರ್ ಕ್ಯಾನ್ ಮೇಲೆ ಇಡೀ ಕೋಳಿಯನ್ನು ಕೂರಿಸಿ ಓವನ್‌ನಲ್ಲಿ ಬೇಯಿಸಿದೆ, ಹೊರಗೆ ಕೆಂಪಾದರೂ ತೊಡೆಯ ಮೂಳೆ ಹತ್ತಿರ ಹಸಿಯಾಗಿತ್ತು, ಬಿಯರ್ ರುಚಿಯೂ ಬರಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಕೈಗುಣದ ತಪ್ಪಲ್ಲ ಇದು. ತೊಡಕಿರುವುದು ಆ ಕ್ಯಾನ್‌ನಲ್ಲೇ.

ಬಿಯರ್ ಕುದಿದು ಆವಿಯಾಗಿ ಮಾಂಸವನ್ನು ಒಳಗಿನಿಂದ ಮೆತ್ತಗೆ ಮಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕ್ಯಾನ್ ಸುತ್ತ ಇರುವುದು ಫ್ರಿಜ್‌ನಿಂದ ತೆಗೆದ ತಣ್ಣನೆ ಮಾಂಸ, ಅಲ್ವಾ? ಓವನ್ ಶಾಖ ಅದನ್ನು ದಾಟಿ ಬಿಯರ್‌ಗೆ ತಲುಪಬೇಕು. ಮಾಂಸ 74 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಸಾಕು, ಬಿಯರ್ ಕುದಿಯಲು 100ರ ಹತ್ತಿರ ಬೇಕು. ಅಷ್ಟರೊಳಗೆ ಕೋಳಿ ಬೆಂದು ಮುಗಿದಿರುತ್ತದೆ. ಜೊತೆಗೆ ಕ್ಯಾನ್ ಹೊಟ್ಟೆಯ ಜಾಗವನ್ನೆಲ್ಲ ತುಂಬಿಕೊಳ್ಳುವುದರಿಂದ ಬಿಸಿಗಾಳಿ ಒಳಗೆ ಹೋಗುವುದೇ ಇಲ್ಲ. ನಿಮ್ಮ ಕೋಳಿ ಒಳಗೆ ಹಿಂದುಳಿದದ್ದು ಇದರಿಂದಲೇ ಇರಬೇಕು. ಕ್ಯಾನ್ ಹೊರಗೆ ಬಣ್ಣ, ಒಳಗೆ ಪ್ಲಾಸ್ಟಿಕ್ ಲೇಪ ಬೇರೆ ಇದೆ. ತಣ್ಣನೆ ಪಾನೀಯಕ್ಕೆ ಮಾಡಿದ್ದನ್ನು ಓವನ್‌ಗೆ ಇಡಲು ನನಗಂತೂ ಮನಸ್ಸಿಲ್ಲ.

ಆದರೆ ಕೋಳಿಯನ್ನು ನಿಲ್ಲಿಸುವುದು ನಿಜಕ್ಕೂ ಒಳ್ಳೆಯ ಉಪಾಯ. ಸುತ್ತಲೂ ಶಾಖ ತಾಗುತ್ತದೆ, ಕೊಬ್ಬು ಇಳಿದು ಹೋಗುತ್ತದೆ, ಚರ್ಮ ಗರಿಗರಿ ಆಗುತ್ತದೆ. ಅದಕ್ಕೆ ಸ್ಟೀಲ್ ಕಂಬಿಯ ಸ್ಟ್ಯಾಂಡ್ ಸಿಗುತ್ತದೆ. ಇಲ್ಲದಿದ್ದರೆ ಮಧ್ಯೆ ಕೊಳವೆ ಇರುವ ಕೇಕ್ ಟಿನ್ನೂ ಆಗುತ್ತದೆ.

ರಸ ಉಳಿಯುವುದು ಉಪ್ಪಿನಿಂದ. ಒಂದೂವರೆ ಕಿಲೋ ಕೋಳಿಗೆ 18ರಿಂದ 20 ಗ್ರಾಂ ಪುಡಿ ಉಪ್ಪನ್ನು ಹಿಂದಿನ ರಾತ್ರಿಯೇ ಒಳಗೂ ಹೊರಗೂ ಸವರಿ. ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಮುಚ್ಚದೆ ಇಡಿ. ಉಪ್ಪು ಮಾಂಸದೊಳಕ್ಕೆ ಇಳಿಯುತ್ತದೆ, ಚರ್ಮ ಒಣಗುತ್ತದೆ. ಒದ್ದೆ ಚರ್ಮ ಎಷ್ಟು ಬೇಯಿಸಿದರೂ ಗರಿಗರಿ ಆಗಲ್ಲ. ಮಸಾಲೆ ನಿಮ್ಮಿಷ್ಟ. ಸಕ್ಕರೆ ಇರುವ ಮಸಾಲೆಯಾದರೆ ಬೇಗ ಕರಕಲಾಗುತ್ತದೆ, ಅಷ್ಟು ನೋಡಿಕೊಳ್ಳಿ.

ಓವನ್ 190 ಡಿಗ್ರಿಗೆ ಬಿಸಿಯಾಗಿರಲಿ. ಮೇಲಿನ ಜಾಲರಿಗಳನ್ನು ಮೊದಲೇ ತೆಗೆದು, ಕೋಳಿಯನ್ನು ಎಲ್ಲಕ್ಕಿಂತ ಕೆಳಗೆ ಇಡಿ. ಟ್ರೇಯಲ್ಲಿ ಸ್ವಲ್ಪ ನೀರಿದ್ದರೆ ಇಳಿದ ಕೊಬ್ಬು ಸುಟ್ಟು ಹೊಗೆಯಾಗಲ್ಲ. ಈ ಗಾತ್ರದ ಕೋಳಿಗೆ ಸುಮಾರು 70ರಿಂದ 90 ನಿಮಿಷ ಬೇಕು. ಗಡಿಯಾರ ನಂಬಬೇಡಿ, ಒಂದು ಗಂಟೆಯಾದ ಮೇಲೆ ಥರ್ಮಾಮೀಟರ್ ಚುಚ್ಚಿ ನೋಡುತ್ತಿರಿ. ಎದೆಯ ದಪ್ಪ ಭಾಗದಲ್ಲಿ 74 ಬರಲೇಬೇಕು. ತೊಡೆಯಲ್ಲಿ 80 ದಾಟಿದರೆ ಇನ್ನೂ ಮೆತ್ತಗಿರುತ್ತದೆ. ತುದಿ ಮೂಳೆಗೆ ತಾಗಬಾರದು. ಇನ್ನೊಂದು ಮಾತು: ಎಳೆ ಕೋಳಿಯಲ್ಲಿ ಪೂರ್ತಿ ಬೆಂದ ಮೇಲೂ ಮೂಳೆ ಹತ್ತಿರ ಕೆಂಪು ಉಳಿಯಬಹುದು, ಮಜ್ಜೆಯ ಬಣ್ಣ ಅದು. ಬರೀ ಬಣ್ಣ ನೋಡಿ ತೀರ್ಮಾನ ಮಾಡಬೇಡಿ.

ಇದ್ದಿಲಿನ ಗ್ರಿಲ್ ಆದರೆ ಕೆಂಡ ಎರಡು ಬದಿಗೆ, ಕೋಳಿ ನಡುವೆ, ಮುಚ್ಚಳ ಹಾಕಿ. ಕೆಳಗೇ ಕೆಂಡ ಇದ್ದರೆ ಕೊಬ್ಬು ಬಿದ್ದು ಬೆಂಕಿ ಏಳುತ್ತದೆ.

ಆದರೂ ಒಮ್ಮೆ ಕ್ಯಾನ್‌ನಲ್ಲೇ ಮಾಡಿ ನೋಡಬೇಕು ಅನ್ನಿಸಿದರೆ, ತೆರೆದು ಅರ್ಧ ಖಾಲಿ ಮಾಡಿದ್ದನ್ನೇ ಇಡಿ. ತೆರೆಯದ ಕ್ಯಾನ್ ಬಿಸಿಗೆ ಸಿಡಿಯುತ್ತದೆ, ದಯವಿಟ್ಟು ಆ ಸಾಹಸ ಬೇಡ. ಇಳಿಸುವಾಗ ಇಬ್ಬರಿರಿ, ಒಬ್ಬರು ಕ್ಯಾನ್ ಹಿಡಿಯಲಿ, ಇನ್ನೊಬ್ಬರು ಕೋಳಿ ಎತ್ತಲಿ. ಒಳಗಿನ ಬಿಸಿ ಬಿಯರ್ ಕೈಮೇಲೆ ಚೆಲ್ಲುವುದು ಆಗಲೇ.

ಬಿಯರ್ ರುಚಿ ಬೇಕೇ ಬೇಕಾದರೆ ಅದನ್ನು ಸಾಸ್‌ಗೆ ಹಾಕಿ. ಕೋಳಿ ಇಳಿಸಿ 15 ನಿಮಿಷ ಬಿಡಿ. ಅಷ್ಟರಲ್ಲಿ ಟ್ರೇಯ ರಸದಿಂದ ಮೇಲಿನ ಕೊಬ್ಬು ತೆಗೆದು, ಅರ್ಧ ಕಪ್ ಬಿಯರ್ ಸೇರಿಸಿ, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಕೊನೆಗೆ ಒಂದು ಚಮಚ ಬೆಣ್ಣೆ ಹಾಕಿ. ಕಹಿ ಕಡಿಮೆ ಇರುವ ಬಿಯರ್ ಆರಿಸಿಕೊಳ್ಳಿ, ಕುದಿದಷ್ಟೂ ಕಹಿ ಜಾಸ್ತಿಯಾಗುತ್ತದೆ.