ಮರದ ಹೊಟ್ಟನ್ನು ಗಿಡಕ್ಕೆ ಹಾಕಬಹುದಾ? ಅಪಾಯ ಏನಾದರೂ ಇದೆಯಾ?

ಮಂಡ್ಯದ ಸಾಮಿಲ್‌ನಿಂದ ಒಂದು ಮೂಟೆ ಹೊಟ್ಟು ತಂದಿದ್ದೀರಿ, ಗಿಡಕ್ಕೆ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು, ಆದರೆ ಹಸಿ ಹೊಟ್ಟನ್ನು ಸುಮ್ನೆ ಮಣ್ಣಿಗೆ ಬೆರೆಸಬೇಡಿ. ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತವೆ, ಗಿಡದ ಎಲೆ ಹಳದಿ ಆಗುತ್ತದೆ. ಸಗಣಿ ಜೊತೆ ಗುಂಡಿಗೆ ಹಾಕಿ, ಕಪ್ಪಾಗಿ ಮಣ್ಣಿನ ವಾಸನೆ ಬಂದ ಮೇಲೆ ಬಳಸಿ. ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹೊಟ್ಟು ಬೇಡವೇ ಬೇಡ, ಅದರಲ್ಲಿ ಅಂಟು ಇರುತ್ತದೆ.

ಕೋಳಿಗೂಡಿಗೆ ಹಾಸಬಹುದು, ಚೆಲ್ಲಿದ ಎಣ್ಣೆ ಹೀರಿಸಬಹುದು. ನಮ್ಮಜ್ಜಿ ಹೊಟ್ಟಿನ ಒಲೆಯಲ್ಲೇ ಸ್ನಾನದ ನೀರು ಕಾಯಿಸುತ್ತಿದ್ದರು. ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಅದುಮಿ ತುಂಬಿ, ಬಾಟಲಿಯನ್ನು ತಿರುಗಿಸುತ್ತಾ ಮೆಲ್ಲಗೆ ಎತ್ತುತ್ತಿದ್ದರು. ಆ ತೂತಿನಲ್ಲಿ ಬೆಂಕಿ ಗಂಟೆಗಟ್ಟಲೆ ನಿಲ್ಲುತ್ತಿತ್ತು.

ನಿಜವಾದ ಅಪಾಯ ಇರುವುದು ನುಣ್ಣನೆಯ ಧೂಳಿನಲ್ಲಿ. ಮುಚ್ಚಿದ ಜಾಗದಲ್ಲಿ ದಟ್ಟವಾಗಿ ತೇಲುವಾಗ ಕಿಡಿ ತಗುಲಿದರೆ ಸ್ಫೋಟವೇ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ 1ನೇ ಗುಂಪಿಗೆ ಸೇರಿಸಿದೆ. ಮೂಗಿನ ಕ್ಯಾನ್ಸರ್ ಭಯ ವರ್ಷಗಟ್ಟಲೆ ಧೂಳು ಕುಡಿಯುವ ಕೆಲಸಗಾರರಿಗೇ ಜಾಸ್ತಿ. ಮೈಸೂರಿನ ಇನ್‌ಲೇ (ಮರದಲ್ಲಿ ಚಿತ್ತಾರ ಕೂರಿಸುವ) ಕೆಲಸಕ್ಕೆ ಬಳಸುವ ಬೀಟೆ ಮರದ ಪುಡಿ ಕೆಲವರಿಗೆ ಮೈ ತುರಿಕೆಯನ್ನೂ ತರುತ್ತದೆ. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು, ಎನ್‌95 ಮಾಸ್ಕ್ ಹಾಕಿ. ನೆಲ ಗುಡಿಸುವ ಮುಂಚೆ ನೀರು ಚಿಮುಕಿಸಿ.